ಚಕ್ರಕ್ಕೆ ಹಳಿ ಕಟ್ಟಿದ್ದು

ಕಳೆದ ಆಯುಧಪೂಜೆಯ ದಿನ ನನ್ನ ರೈಲು ಎಂಜಿನ್ನು ನಿಂಬೆಹಣ್ಣಿಗೆ ಸಿಕ್ಕಿ ಮಗುಚಿ ಬಿತ್ತು. ನಗಬೇಡಿ, ಆದದ್ದು ಹಾಗೇ.

ಸ್ಕೂಟರು, ಕಾರು, ಮಿಕ್ಸಿ, ನನ್ನ ಸುತ್ತಿಗೆ ಇಕ್ಕಳ ಎಲ್ಲಕ್ಕೂ ಅರಿಶಿನ ಕುಂಕುಮ ಆಗಿತ್ತು. ಮೊಮ್ಮಗ "ತಾತ, ರೈಲಿಗೆ?" ಅಂದ. ಸರಿ, ಅದಕ್ಕೂ ಒಂದು ಚುಕ್ಕೆ ಕುಂಕುಮ, ಒಂದು ಎಸಳು ಸೇವಂತಿಗೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದನ್ನು ಅವನು ಬೆಳಿಗ್ಗೆ ನೋಡಿದ್ದ. ರೈಲಿಗೂ ಬೇಕು ಅಂತ ಹಠ. ಉಪ್ಪಿನಕಾಯಿಗೆ ಹೆಚ್ಚಿದಷ್ಟು ಸಣ್ಣ ಹೋಳು ಮಾಡಿ ಹಳಿ ಮೇಲೆ ಇಟ್ಟೆ. ಮೆಲ್ಲಗೆ ಬಿಡು ಅಂತ ಹೇಳುವ ಮೊದಲೇ ಅವನು ಕಂಟ್ರೋಲರಿನ ಗುಂಡಿಯನ್ನು ಪೂರ್ತಿ ತಿರುಗಿಸಿದ್ದ. ಎಂಜಿನ್ನು ಹೋಳಿನ ಮೇಲೆ ಹತ್ತಿತು, ಹಳಿ ಬಿಟ್ಟಿತು, ಮೇಜಿನ ಅಂಚು ದಾಟಿತು. ಮೂರೂವರೆ ಅಡಿ ಕೆಳಗೆ ರೆಡ್ ಆಕ್ಸೈಡ್ ನೆಲ.

ಆ ಸದ್ದು ಇನ್ನೂ ಕಿವಿಯಲ್ಲಿದೆ.

ತಕ್ಷಣ ಬಿಚ್ಚಿ ನೋಡೋಣ ಅಂತ ಸ್ಕ್ರೂಡ್ರೈವರಿಗೆ ಕೈ ಹಾಕಿದೆ. "ಇವತ್ತು ಅದನ್ನೆಲ್ಲ ಮುಟ್ಟೋ ಹಾಗಿಲ್ಲ, ಪೂಜೆಗೆ ಇಟ್ಟಿದೀವಿ" ಅಂದಳು ಹೆಂಡತಿ. ಹಾಗಾಗಿ ಒಂದು ಇಡೀ ರಾತ್ರಿ ಎಂಜಿನ್ನು ಒಂದು ಟವೆಲ್ ಮೇಲೆ, ನಾನು ಮಂಚದ ಮೇಲೆ. ಇಬ್ಬರಿಗೂ ಚಿಕಿತ್ಸೆ ಇಲ್ಲ.

ಯಾವ ಎಂಜಿನ್ನು ಅಂತ ಹೇಳಿಬಿಡುತ್ತೇನೆ. ಎಚ್‌ಒ ಅನ್ನುವ ಅಳತೆಯ ಮಾದರಿ ಎಂಜಿನ್ನು, ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಹಳಿಗಳ ನಡುವೆ 16.5 ಮಿ.ಮೀ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಇದರ ಅಸಲಿ ಅಮೆರಿಕದ ಆಲ್ಕೊ ಕಂಪನಿಯ ಆರ್‌ಎಸ್-11. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿ 1956ರಿಂದ ತಯಾರಾಗುತ್ತಿದ್ದದ್ದು, 1800 ಕುದುರೆ ಶಕ್ತಿ. ಅಮೆರಿಕದ ಎಂಜಿನ್ ಮೇಲೆ ಮೈಸೂರಿನವನಿಗೆ ಯಾಕಷ್ಟು ಪ್ರೀತಿ ಅಂದರೆ, ಅದರ ಹೊಟ್ಟೆಯಲ್ಲಿರುವುದು ಆಲ್ಕೊ 251 ಜಾತಿಯ ಡೀಸೆಲ್. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಎಂಜಿನ್ನಿನ ಹೊಟ್ಟೆಯಲ್ಲಿದ್ದದ್ದೂ ಅದೇ, 16 ಸಿಲಿಂಡರಿನದು. ಮೀಟರ್ ಗೇಜ್ ಕಾಲದ ವೈಡಿಎಂ-4ರಲ್ಲಿ ಇದ್ದದ್ದೂ ಅದೇ ಮನೆತನದ್ದು, 6 ಸಿಲಿಂಡರಿನದು. ಹೊರಡುವಾಗ ಕಪ್ಪು ಹೊಗೆ ಕಾರಿ ಗುಡುಗುವ ಆ ಸದ್ದು ಕೇಳಿ ಬೆಳೆದವನು ನಾನು. ಹದಿನೈದು ವರ್ಷದ ಕೆಳಗೆ ಅಮೆರಿಕದಿಂದ ಬಂದ ಭಾಮೈದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದುಕೊಟ್ಟದ್ದು ಇದು.

ವಿಜಯದಶಮಿ ಮಧ್ಯಾಹ್ನ, ಕಾಫಿ ಕುಡಿದು ಬಿಚ್ಚಿದೆ. ಮನೆಯವರೆಲ್ಲ ಟಿವಿಯಲ್ಲಿ ಜಂಬೂಸವಾರಿ ನೋಡಲು ಕೂತಿದ್ದರು. ನನ್ನ ಮುಂದೆ ಒಂದು ಬಿಳಿ ತಟ್ಟೆ. ಬಿಚ್ಚಿದ ಸ್ಕ್ರೂಗಳೆಲ್ಲ ತಟ್ಟೆಗೆ. ನೆಲಕ್ಕೆ ಬಿದ್ದ 2 ಮಿ.ಮೀ. ಸ್ಕ್ರೂ ಹುಡುಕುವ ಕೆಲಸ ಒಮ್ಮೆ ಮಾಡಿದವನು ಮತ್ತೆ ತಟ್ಟೆ ಮರೆಯುವುದಿಲ್ಲ.

ಪೆಟ್ಟಿನ ಲೆಕ್ಕ ಹೀಗಿತ್ತು. ಮುಂದಿನ ಮೆಟ್ಟಿಲು ಮುರಿದಿತ್ತು, ಒಂದು ಚೂರು ಸಿಗಲೇ ಇಲ್ಲ. ಡಬ್ಬಿಗೆ ಸೇರಿಸುವ ಕೊಂಡಿಯ ಗೂಡು ಎರಡು ಹೋಳಾಗಿತ್ತು. ಎಡಗಡೆಯ ಕೈಕಂಬಿ ಮೂರು ಕಡೆ ತುಂಡು. ಮೋಟಾರಿನಿಂದ ಹಿಂದಿನ ಬೋಗಿಗೆ, ಅಂದರೆ ಎಂಜಿನ್ನಿನ ಕೆಳಗೆ ನಾಲ್ಕು ಚಕ್ರ ಹೊತ್ತ ಚೌಕಟ್ಟಿಗೆ, ಶಕ್ತಿ ಕೊಂಡೊಯ್ಯುವ ಪುಟ್ಟ ಪ್ಲಾಸ್ಟಿಕ್ ಕೀಲು ಸೀಳಿತ್ತು. ಮೋಟಾರಿನ ಎರಡು ತಂತಿಗೆ 9 ವೋಲ್ಟ್ ಬ್ಯಾಟರಿ ತಾಗಿಸಿದೆ. ಜುಯ್ಯ್ ಅಂತ ತಿರುಗಿತು. ಅಬ್ಬಾ ಅನ್ನಿಸಿತು.

ಆದರೆ ಬೋಗಿಗಳನ್ನು ಕೈಯಲ್ಲಿ ಹಿಡಿದು ಚಕ್ರ ತಿರುಗಿಸಿದರೆ ಒಂದು ಸುತ್ತಿಗೆ ಒಂದು ಸಲ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಆಗ ನೆನಪಾಯಿತು. ಈ ಟಕ್ ಟಕ್ ಸದ್ದು ಬೀಳುವ ಮೊದಲೇ ಇತ್ತು. ಮೂರು ನಾಲ್ಕು ತಿಂಗಳಿಂದ ಮೆಲ್ಲಗೆ ಓಡಿಸಿದಾಗ ಎಂಜಿನ್ನು ಕುಂಟುತ್ತಿತ್ತು. ಹಳಿಯ ಕೀಲುಗಳಲ್ಲಿ ಏನೋ ಧೂಳು ಅಂದುಕೊಂಡು ಸುಮ್ನೆ ಒರೆಸುತ್ತಾ ಕೂತಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಿನ ಮೇಲಿನ ಗಿಯರಿನಲ್ಲಿ, ಎರಡು ಹಲ್ಲುಗಳ ನಡುವೆ, ಕೂದಲೆಳೆಯಂಥ ಗೆರೆ. ಸೀಳಿದೆ. ನಾಲ್ಕು ಅಚ್ಚಿನಲ್ಲಿ ಎರಡು ಹಾಗೆ. ಮೂರನೆಯದು ಚಕ್ರ ಎಳೆಯುವಾಗ ನನ್ನ ಕೈಯಲ್ಲೇ ಚಿಟ್ ಅಂದಿತು.

ಇದು ಯಾಕಾಗುತ್ತದೆ ಅಂದರೆ, ಈ ಎಂಜಿನ್ನುಗಳಲ್ಲಿ ಅಚ್ಚು ಒಂದೇ ಉದ್ದ ಕಡ್ಡಿಯಲ್ಲ. ಎಡ ಚಕ್ರಕ್ಕೆ ಒಂದು ಗಿಡ್ಡ ಕಡ್ಡಿ, ಬಲ ಚಕ್ರಕ್ಕೆ ಒಂದು. ಎರಡನ್ನೂ ಎರಡು ಕಡೆಯಿಂದ ಪ್ಲಾಸ್ಟಿಕ್ ಗಿಯರಿನ ತೂತಿಗೆ ಒತ್ತಿ ಕೂರಿಸಿರುತ್ತಾರೆ. ಹಳಿಯಲ್ಲಿ 12 ವೋಲ್ಟ್ ಹರಿಯುವುದರಿಂದ ಎಡ ಬಲ ಚಕ್ರಗಳು ಒಂದನ್ನೊಂದು ಮುಟ್ಟಬಾರದು, ಅದಕ್ಕೆ ನಡುವೆ ಪ್ಲಾಸ್ಟಿಕ್. ಜಾರಬಾರದು ಅಂತ ಕಡ್ಡಿಯ ಮೇಲೆ ಗೀರು ಹೊಡೆದು, ತೂತಿಗಿಂತ ತುಸು ದಪ್ಪ ಮಾಡಿರುತ್ತಾರೆ. ಅಂದರೆ ಆ ಗಿಯರು ಹುಟ್ಟಿದ ದಿನದಿಂದ ಬಿಗಿದ ಬಟ್ಟೆ ಹಾಕಿಕೊಂಡ ಹಾಗೆ ಹಿಗ್ಗಿಯೇ ಕೂತಿರುತ್ತದೆ. ವರ್ಷಗಟ್ಟಲೆ ಹಾಗೇ ಇದ್ದು ಒಂದು ದಿನ ಸೀಳುತ್ತದೆ. ಸೀಳಿದ ಜಾಗದಲ್ಲಿ ಹಲ್ಲಿಗೂ ಹಲ್ಲಿಗೂ ನಡುವೆ ಸಂದು ಹೆಚ್ಚಾಗುತ್ತದೆ. ಪಕ್ಕದ ಗಿಯರಿನ ಹಲ್ಲು ಆ ಜಾಗಕ್ಕೆ ಬಂದಾಗ ಸರಿಯಾಗಿ ಕೂರುವುದಿಲ್ಲ, ಟಕ್. ನಿಂಬೆಹಣ್ಣಿನ ಮೇಲೆ ಪೂರ್ತಿ ತಪ್ಪು ಹೊರಿಸುವ ಹಾಗಿರಲಿಲ್ಲ ಅನ್ನಿ.

ಬಿಡಿಭಾಗ ಕೇಳಿ, ಈ ಮಾಡೆಲ್ಲು ಮಾಡಿದ ಕಂಪನಿಗೆ ಮೇಲ್ ಹಾಕಿದೆ. ಮರ್ಯಾದೆಯಾಗಿಯೇ ಉತ್ತರ ಬಂತು. ಆ ಮಾಡೆಲ್ಲು ನಿಂತು ಬಹಳ ದಿನವಾಯಿತು, ಗಿಯರು ದಾಸ್ತಾನಿಲ್ಲ, ಮತ್ತೆ ಬರುವ ಯೋಚನೆಯೂ ಇಲ್ಲ. ಭಾಮೈದನಿಗೆ ಫೋನ್ ಮಾಡಿದೆ. "ಭಾವ, ಹಳೇದೊಂದು ಸಿಕ್ಕರೆ ಕಳಿಸ್ತೀನಿ, ಅದರ ಗಿಯರ್ ತೆಗೆದು ಹಾಕ್ಕೊಳ್ಳಿ" ಅಂದ. ಅವನ ಮನಸ್ಸು ದೊಡ್ಡದು. ಆದರೆ ಆ ಹಳೆಯದರಲ್ಲಿರುವುದೂ ಅದೇ ಕಾಲದ ಅದೇ ಪ್ಲಾಸ್ಟಿಕ್ಕು, ಅಲ್ವಾ? ಕೊರಿಯರ್, ಕಸ್ಟಮ್ಸ್ ಎಲ್ಲ ಕಟ್ಟಿ ಸೀಳಿದ ಗಿಯರ್ ತರಿಸಿಕೊಳ್ಳುವುದು ಯಾಕೆ ಅಂತ ಬೇಡ ಅಂದೆ.

ಹಾಗಾದರೆ ಹೊಸ ಗಿಯರು ಬೇರೆ ಕಡೆಯಿಂದ. ಮೊದಲು ಅಳತೆ. ಹಲ್ಲು 15, ತುದಿಯಿಂದ ತುದಿಗೆ 6.8 ಮಿ.ಮೀ. ಹಲ್ಲಿನ ಲೆಕ್ಕಕ್ಕೆ ಎರಡು ಕೂಡಿಸಿ, ಅಳತೆಯನ್ನು ಅದರಿಂದ ಭಾಗಿಸಿದರೆ ಗಿಯರಿನ ಮಾಡ್ಯೂಲ್ ಸಿಗುತ್ತದೆ. 6.8ನ್ನು 17ರಿಂದ ಭಾಗಿಸಿ, 0.4. ಎರಡು ಗಿಯರು ಒಟ್ಟಿಗೆ ಓಡಬೇಕಾದರೆ ಈ ಸಂಖ್ಯೆ ಒಂದೇ ಇರಬೇಕು. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಮಧ್ಯಾಹ್ನ ಅಲೆದೆ. ಮಕ್ಕಳ ಪ್ರಾಜೆಕ್ಟಿಗೆ ಅಂತ ಮಾರುವ ಪ್ಲಾಸ್ಟಿಕ್ ಗಿಯರಿನ ಪೊಟ್ಟಣ ಸಿಕ್ಕಿತು. ಬಣ್ಣ ಬಣ್ಣದ ಐವತ್ತು ಅರವತ್ತು ಗಿಯರು. ಒಂದೊಂದನ್ನೂ ಅಳೆದೆ. ಎಲ್ಲ 0.5. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ನನಗೆ ಬೇಕಾದದ್ದು 1.26 ಮಿ.ಮೀ., ಇದರಲ್ಲಿ 1.57. ಪೊಟ್ಟಣ ಈಗ ಮೊಮ್ಮಗನ ಹತ್ತಿರ ಇದೆ.

ಆಮೇಲೆ ತ್ರೀಡಿ ಪ್ರಿಂಟಿಂಗು. ಎಂಜಿನಿಯರಿಂಗ್ ಓದುವ ಎದುರು ಮನೆ ಹುಡುಗ "ಅಂಕಲ್, ಅರ್ಧ ಗಂಟೆ ಕೆಲಸ" ಅಂತ ರೆಸಿನ್‌ನಲ್ಲಿ ನಾಲ್ಕು ಮಾಡಿಕೊಟ್ಟ. ನೋಡಲು ಮುತ್ತಿನ ಹಾಗಿದ್ದವು. ಹಲ್ಲಿನ ಎತ್ತರ ಬರೀ 0.9 ಮಿ.ಮೀ., ಅದೂ ಚೂಪಾಗಿ ಬಂದಿತ್ತು. ಆದರೆ ರೆಸಿನ್ನು ಹಪ್ಪಳದ ಜಾತಿ. ಒಂದು ಅಚ್ಚು ಒತ್ತುವಾಗಲೇ ಒಡೆಯಿತು, ಇನ್ನೊಂದು ಅರ್ಧ ಗಂಟೆ ಓಡಿ ಎರಡು ಹಲ್ಲು ಉದುರಿಸಿತು. ಹುಡುಗನಿಗೆ ಬೇಜಾರಾಗಬಾರದು ಅಂತ ಉಳಿದ ಎರಡನ್ನು ಪ್ರಯತ್ನಿಸಲೇ ಇಲ್ಲ.

ಹಳೆಯ ಗಿಯರಿಗೆ ಫೆವಿಕ್ವಿಕ್ ಹಾಕಲಿಲ್ಲವಾ ಅಂತ ನೀವು ಕೇಳುತ್ತೀರಿ. ಹಾಕಿದೆ, ಎಲ್ಲಕ್ಕಿಂತ ಮೊದಲು. ಹತ್ತು ನಿಮಿಷ ಓಡಿತು. ಈ ಗಿಯರುಗಳ ಪ್ಲಾಸ್ಟಿಕ್ಕು ಅಸಿಟಾಲ್, ಮುಟ್ಟಿದರೆ ಸಾಬೂನಿನ ಹಾಗೆ ನುಣುಪು. ನುಣುಪಾಗಿರುವುದಕ್ಕೇ ಅದನ್ನು ಗಿಯರಿಗೆ ಬಳಸುವುದು. ಅಂಥದ್ದಕ್ಕೆ ಗೋಂದು ಎಲ್ಲಿಂದ ಅಂಟಬೇಕು? ಅಲ್ಲದೆ ಒಳಗಿನಿಂದ ಅಚ್ಚು ಒತ್ತಿ ಹಿಗ್ಗಿಸುತ್ತಲೇ ಇರುತ್ತದೆ.

ಅದು ತಲೆಯಲ್ಲಿ ಸುತ್ತುತ್ತಿತ್ತು. ಒಳಗಿನಿಂದ ಹಿಗ್ಗಿಸುವುದನ್ನು ಹೊರಗಿನಿಂದ ಹಿಡಿದು ನಿಲ್ಲಿಸಬೇಕು. ಒಂದು ರಾತ್ರಿ ಊಟ ಮಾಡುತ್ತಾ ಇದ್ದಾಗ ಥಟ್ಟನೆ ನಮ್ಮೂರಿನ ಕುಲುಮೆ ಕಣ್ಣ ಮುಂದೆ ಬಂತು. ಎತ್ತಿನಗಾಡಿ ಚಕ್ರಕ್ಕೆ ಹಳಿ ಕಟ್ಟುವುದನ್ನು ನೋಡಿದ್ದೀರಾ? ಮರದ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾದ ಕಬ್ಬಿಣದ ಬಳೆ. ಅದನ್ನು ನೆಲದ ಮೇಲೆ ಮಲಗಿಸಿ ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕೆಂಪಗೆ ಕಾದು ಹಿಗ್ಗಿದ ಹಳಿಯನ್ನು ಮೂರು ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮುಂಚೆ ಕೊಡಗಟ್ಟಲೆ ನೀರು. ಚೊಯ್ ಅಂತ ಹಬೆ. ಹಳಿ ಕುಗ್ಗುತ್ತಾ ಮರದ ಸಂದುಗಳೆಲ್ಲ ಕಟಕಟ ಅಂತ ಮುಚ್ಚಿಕೊಳ್ಳುವ ಸದ್ದು. ನಾವು ಹುಡುಗರು ಅದನ್ನು ಕೇಳುವುದಕ್ಕೇ ನಿಲ್ಲುತ್ತಿದ್ದೆವು.

ಗಿಯರಿಗೂ ಒಂದು ಹಳಿ ಕಟ್ಟಿದರೆ? ಹಲ್ಲಿನ ಮೇಲೆ ಕಟ್ಟುವ ಹಾಗಿಲ್ಲ. ಆದರೆ ಹಲ್ಲಿನ ಎರಡೂ ಪಕ್ಕಕ್ಕೆ ಎರಡೆರಡು ಮಿ.ಮೀ. ಕತ್ತು ಚಾಚಿಕೊಂಡಿದೆ, ಸೀಳು ಅದರಲ್ಲೂ ಹಾದು ಹೋಗಿದೆ. ಆ ಕತ್ತಿಗೆ ಹಿತ್ತಾಳೆಯ ಬಳೆ. ಬೆಂಕಿ ಬೇಡ, ಪ್ಲಾಸ್ಟಿಕ್ ಕರಗಿಬಿಡುತ್ತದೆ. ಒತ್ತಿ ಕೂರಿಸಿದರೆ ಸಾಕು.

ಕತ್ತಿನ ದಪ್ಪ 4.4 ಮಿ.ಮೀ. ಅಷ್ಟು ಚಿಕ್ಕ ಬಳೆ ಯಾರು ಮಾಡುತ್ತಾರೆ? ಲೇತ್ ಕೆಲಸದವರನ್ನು ಕೇಳಿದೆ, ನಕ್ಕರು. ಕೊನೆಗೆ ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ, ನಮ್ಮ ಮನೆಯ ಒಡವೆಗಳನ್ನೆಲ್ಲ ರಿಪೇರಿ ಮಾಡುವ ಅಕ್ಕಸಾಲಿಯ ಹತ್ತಿರ ಹೋದೆ. ಗಿಯರನ್ನು ಅವರ ಅಂಗೈಯಲ್ಲಿ ಇಟ್ಟೆ.

"ಏನ್ ಸಾರ್ ಇದು, ಮೂಗುಬೊಟ್ಟಿಗಿಂತ ಚಿಕ್ಕದಿದೆ."

"ರೈಲಿನ ಚಕ್ರ ಆಚಾರ್ರೇ. ಇದಕ್ಕೆ ಬಳೆ ತೊಡಿಸಬೇಕು."

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಸೀಳು ಇಲ್ಲಿದೆ. ಹೂಂ. ಬಳೆ ಹಾಕಿದ್ರೆ ಕೂಡ್ಕೊಳತ್ತೆ. ಆದ್ರೆ ಒಳಗೆ ಬಿಗಿ ಕಮ್ಮಿ ಮಾಡ್ದೆ ಹಾಕಿದ್ರೆ ಬಳೇನೂ ಬಿಡತ್ತೆ" ಅಂದರು. ನಾನು ಒಂದು ವಾರ ಯೋಚಿಸಿ ಕಂಡುಕೊಂಡದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು.

ಮೊದಲ ಬಳೆ ಕೆಟ್ಟಿತು. ತಪ್ಪು ನನ್ನದೇ. ನಾನು ಒಳ ಅಳತೆ ಮಾತ್ರ ಕೊಟ್ಟಿದ್ದೆ. ಅವರು ಹಿತ್ತಾಳೆ ತಂತಿ ಸುತ್ತಿ, ಬಿಳಿಗಾರ ಹಚ್ಚಿ ಬೆಸುಗೆ ಹಾಕಿ, ಅಚ್ಚುಕಟ್ಟಾದ ಬಳೆ ಮಾಡಿದರು. ತಂತಿಯ ದಪ್ಪ ಸೇರಿ ಹೊರಗಿನ ಅಳತೆ 5.4 ಆಯಿತು. ಈ ಗಿಯರಿನಲ್ಲಿ ಹಲ್ಲಿನ ಬುಡದ ಅಳತೆ 5 ಮಿ.ಮೀ. ಬಳೆ ಅದಕ್ಕಿಂತ ದಪ್ಪ ಇದ್ದರೆ ಪಕ್ಕದ ಅಗಲವಾದ ಗಿಯರಿನ ಹಲ್ಲು ಬಂದು ಬಳೆಗೇ ಗುದ್ದುತ್ತದೆ. ಗುದ್ದಿತು. ಅಂದರೆ ಬಳೆಯ ಗೋಡೆ 0.3 ಮಿ.ಮೀ. ದಾಟುವ ಹಾಗಿಲ್ಲ. ತಗಡು ಬಗ್ಗಿಸಿ ಬೆಸೆದರೆ ಅಷ್ಟು ತೆಳುವಿಗೆ ಬೆಸುಗೆಯ ಕಡೆ ಬಲ ಇರುವುದಿಲ್ಲ ಅಂತ ಆಚಾರ್ ಅಂದರು.

ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. ಆಮೇಲೆ ಎದ್ದು, ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ರೇಡಿಯೋ ತಂದರು. ಅದರ ಆಂಟೆನಾ ಬಗ್ಗಿ ಹೋಗಿತ್ತು. ಎಳೆದರೆ ಒಂದರೊಳಗೊಂದು ಕೊಳವೆ. ಮೇಲೆ ಹೊಳೆಯುವ ಲೇಪ, ಕೆಳಗೆ ಹಿತ್ತಾಳೆ. ಎಲ್ಲೂ ಬೆಸುಗೆ ಕಾಣದ ತೆಳು ಕೊಳವೆ, ಬೇರೆ ಬೇರೆ ಅಳತೆಯಲ್ಲಿ! ಕ್ಯಾಲಿಪರ್ ಹಿಡಿದೆ. ಮೇಲಿನಿಂದ ಮೂರನೆಯ ತುಂಡು, ಹೊರಗೆ 4.9, ಒಳಗೆ 4.3. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ನಾಲ್ಕು ಗಿಯರು, ಒಂದಕ್ಕೆ ಎರಡು ಕತ್ತು, ಒಟ್ಟು ಎಂಟು ಬಳೆ. ಸೀಳದೆ ಉಳಿದ ನಾಲ್ಕನೆಯದಕ್ಕೂ ಹಾಕೋಣ ಅಂದೆ, ಅದೂ ಇವತ್ತಲ್ಲ ನಾಳೆ ಸೀಳುವುದೇ. ಕೊಳವೆಯೊಳಗೆ ಒಂದು ಕಡ್ಡಿ ತೂರಿಸಿ, ಕೂದಲಿನಂಥ ಗರಗಸದಲ್ಲಿ ಒಂದೂವರೆ ಮಿ.ಮೀ.ನಂತೆ ಕೊಯ್ದರು. ಅರದಿಂದ ಅಂಚು ಸವರಿ, ಒಳಬಾಯಿಯನ್ನು ತುಸು ಇಳಿಜಾರು ಮಾಡಿಕೊಟ್ಟರು, ಒತ್ತುವಾಗ ಪ್ಲಾಸ್ಟಿಕ್ಕನ್ನು ಕೆರೆಯದೆ ಜಾರಲಿ ಅಂತ. ಎಂಟು ಬಳೆಯನ್ನೂ ಒಡವೆಗೆ ಕೊಡುವ ಗುಲಾಬಿ ಕಾಗದದಲ್ಲಿ ಮಡಚಿ ಕೊಟ್ಟರು. ಇನ್ನೂರು ರೂಪಾಯಿ ಕೊಡಲು ಹೋದರೆ "ಚಿನ್ನ ಅಲ್ವಲ್ಲ ಸಾರ್" ಅಂತ ನೂರು ವಾಪಸ್ ಕೊಟ್ಟರು.

ಉಳಿದದ್ದು ಮನೆಯಲ್ಲಿ. ಮೊದಲು ಗಿಯರಿನ ತೂತನ್ನು ಸ್ವಲ್ಪ ಹಿಗ್ಗಿಸಬೇಕು. ಅಚ್ಚಿನ ಕಡ್ಡಿ 3 ಮಿ.ಮೀ. ದಪ್ಪ. 2.9ರ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ಹಿಡಿದು ತಿರುಗಿಸಿದೆ. ಮೆಷಿನ್ನಿಗೆ ಹಾಕಿದರೆ ಬಿಸಿಯಾಗಿ ತೂತು ಓರೆಯಾಗುತ್ತದೆ. ಬೆಲ್ಲದ ತುರಿಯಂಥ ಬಿಳಿ ಸಿಪ್ಪೆ ಎದ್ದು ಬಂತು. ಆಮೇಲೆ ಪುಟ್ಟ ವೈಸಿನ ಎರಡು ದವಡೆಗೆ ದಪ್ಪ ರಟ್ಟು ಕೊಟ್ಟು, ನಡುವೆ ಗಿಯರು, ಎರಡು ಪಕ್ಕ ಎರಡು ಬಳೆ, ಹಿಡಿಯನ್ನು ಕಾಲು ಸುತ್ತು, ಉಸಿರು, ಮತ್ತೆ ಕಾಲು ಸುತ್ತು. ಬಳೆ ಕತ್ತಿನ ಮೇಲೆ ಏರುತ್ತಾ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಕಾಣಲಿಲ್ಲ. ಮುಚ್ಚಿಕೊಂಡಿತ್ತು. ಕಟಕಟ ಸದ್ದು ಮಾತ್ರ ಬರಲಿಲ್ಲ.

ಮತ್ತೆ ಚಕ್ರ ಕೂರಿಸುವಾಗ ಒಂದು ಎಚ್ಚರ ಬೇಕು. ಎರಡು ಕಡೆಯ ಕಡ್ಡಿ ಗಿಯರಿನೊಳಗೆ ತುದಿಗೆ ತುದಿ ತಾಗಿದರೆ ಶಾರ್ಟ್ ಆಗುತ್ತದೆ. ಎರಡನೆಯ ಅಚ್ಚಿನಲ್ಲಿ ನನಗೆ ಹಾಗೇ ಆಯಿತು. ಮಲ್ಟಿಮೀಟರ್ ಪೀ ಅಂತ ಕೂಗಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಕಂಟ್ರೋಲರು ಕೂಗುತ್ತಿತ್ತು. ಚಕ್ರಗಳ ಒಳಮೈಗಳ ನಡುವೆ 14.4 ಮಿ.ಮೀ. ಇರಬೇಕು. ಆ ಅಗಲಕ್ಕೆ ಪ್ಲಾಸ್ಟಿಕ್ ತುಂಡೊಂದನ್ನು ಅರದಿಂದ ತೀಡಿ ಇಟ್ಟುಕೊಂಡೆ. ಅದನ್ನು ನಡುವೆ ಸಿಕ್ಕಿಸಿ ಒತ್ತಿದರೆ ಅಳತೆ ತಪ್ಪುವುದಿಲ್ಲ, ಕಡ್ಡಿಗಳೂ ತಾಗುವುದಿಲ್ಲ.

ಸೀಳಿದ ಕೀಲಿನ ಕಥೆ ಬೇರೆ. ಅದರ ಬಟ್ಟಲುಗಳನ್ನು ಬಿಟ್ಟು, ಎರಡು ಕಡೆಯ ಮೊಳೆಗಳಿಗೆ ಸೈಕಲ್ಲಿನ ವಾಲ್‌ಟ್ಯೂಬ್ ಸಿಕ್ಕಿಸಿದೆ. ನಮ್ಮ ಕಾಲದ ಹುಡುಗರಿಗೆ ವಾಲ್‌ಟ್ಯೂಬ್ ಅಂದರೆ ಸರ್ವರೋಗಕ್ಕೂ ಮದ್ದು. ಹಿಡಿತವೇನೋ ಚೆನ್ನಾಗಿತ್ತು. ಆದರೆ ಓಡಿಸಲು ಹೋದರೆ ಮೋಟಾರು ತಿರುಗುತ್ತದೆ, ಎಂಜಿನ್ನು ನಿಂತೇ ಇರುತ್ತದೆ, ರಬ್ಬರು ಹಗ್ಗದ ಹಾಗೆ ಹೊಸೆದುಕೊಂಡು, ಆಮೇಲೆ ಒಮ್ಮೆಲೇ ಬಿಚ್ಚಿಕೊಂಡು ಎಂಜಿನ್ನು ಕಪ್ಪೆಯ ಹಾಗೆ ಹಾರುತ್ತದೆ. ಮೊಮ್ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಿಲಿಕಾನ್ ಕೊಳವೆ ದಪ್ಪ ಗೋಡೆಯದು. ಅದರ ಗಿಡ್ಡ ತುಂಡು ಹಾಕಿದ ಮೇಲೆ ಸರಿಹೋಯಿತು. ಎಣ್ಣೆ ತಾಗಿದರೆ ವಾಲ್‌ಟ್ಯೂಬಿನ ರಬ್ಬರು ಹೇಗೂ ಕೊಳೆಯುತ್ತಿತ್ತು.

ಕೈಕಂಬಿಗೆ ಪಕ್ಕದ ಮನೆಯ ವೀಣೆ ಟೀಚರನ್ನು ಕೇಳಿದೆ. ಕಡಿದು ಹೋದ ಸಾರಣಿ ತಂತಿ ಒಂದು ಮೊಳ ಕೊಟ್ಟರು, 0.3 ಮಿ.ಮೀ. ಚಿಲ್ಲರೆ. ಅಸಲಿ ಕಂಬಿಯನ್ನು 87ರಿಂದ ಭಾಗಿಸಿದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಆದರೆ ವೀಣೆ ತಂತಿ ಉಕ್ಕು, ಬಗ್ಗಿಸಿದ ಕಡೆ ನಿಲ್ಲುವುದಿಲ್ಲ, ಸೆಟೆದುಕೊಂಡು ವಾಪಸ್ ಬರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಬಗ್ಗಿಸಿ ಬಿಡಬೇಕು. ನಾಲ್ಕು ಸಲ ಮಾಡಿ ಐದನೆಯದು ಕೂತಿತು. ಮೆಟ್ಟಿಲು ಮತ್ತು ಕೊಂಡಿಯ ಗೂಡಿಗೆ ಎದುರು ಮನೆ ಹುಡುಗನೇ ಉಪಕಾರ ಮಾಡಿದ. ಅವನ ಪ್ರಿಂಟರಿನ ಎಬಿಎಸ್ ದಾರದ ಚೂರುಗಳನ್ನು ಅಸಿಟೋನಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆಗೆ ದೋಸೆ ಹಿಟ್ಟಿನ ಹದ. ಎಂಜಿನ್ನಿನ ಮೈಯೂ ಎಬಿಎಸ್ ಆದ್ದರಿಂದ ಒಂದಕ್ಕೊಂದು ಕರಗಿ ಕೂಡಿಕೊಳ್ಳುತ್ತದೆ. ಕಳೆದುಹೋದ ಚೂರನ್ನು ಅದರಿಂದಲೇ ತುಂಬಿ, ಒಣಗಿದ ಮೇಲೆ ಅರ ಹಾಕಿದೆ. ಬಣ್ಣ ಮಾತ್ರ ಪೂರ್ತಿ ಹೊಂದಲಿಲ್ಲ. ಕೂತು ನೋಡಿದರೆ ಕಾಣುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ. ನಾನು ಈಗ ನಿಂತೇ ನೋಡುತ್ತೇನೆ.

ಡಿಸೆಂಬರಿನ ಒಂದು ಭಾನುವಾರ ಹಳಿ ಮೇಲೆ ಇಟ್ಟೆ. ಗುಂಡಿ ಈ ಸಲ ನನ್ನ ಕೈಯಲ್ಲೇ. ತೀರ ನಿಧಾನಕ್ಕೆ, ಇರುವೆ ನಡಿಗೆಯಲ್ಲಿ ಬಿಟ್ಟೆ. ಟಕ್ ಇಲ್ಲ. ಕುಂಟು ಇಲ್ಲ. ಮೊದಲು ಸಿಕ್ಕಿಕೊಂಡಾಗಲೆಲ್ಲ ಎಗರುತ್ತಿದ್ದ ಮೀಟರಿನ ಮುಳ್ಳು ಅಲ್ಲಾಡದೆ ನಿಂತಿತ್ತು. ಎಂಟು ಡಬ್ಬಿ ಕಟ್ಟಿ ಮೂರು ಸುತ್ತು ಓಡಿಸಿದೆ. ಆಚಾರ್ರಿಗೆ ಫೋನಿನಲ್ಲಿ ವಿಡಿಯೋ ಕಳಿಸಿದೆ. "ಬಳೆ ಕಾಣ್ಸೋದೇ ಇಲ್ವಲ್ಲ ಸಾರ್" ಅಂತ ಉತ್ತರ ಬಂತು, ಸ್ವಲ್ಪ ಬೇಜಾರಿನಲ್ಲೇ ಅನ್ನಿಸಿತು.

ಅದೇ ಕಾಲದ ಇನ್ನೊಂದು ಎಂಜಿನ್ನು ಕಪಾಟಿನಲ್ಲಿದೆ. ಚೆನ್ನಾಗಿಯೇ ಓಡುತ್ತದೆ. ಮೊನ್ನೆ ಸುಮ್ನೆ ತಳ ಬಿಚ್ಚಿ ಭೂತಗನ್ನಡಿ ಹಿಡಿದೆ. ಎರಡು ಗಿಯರಿನಲ್ಲಿ ಗೆರೆ. ಆಚಾರ್ರ ಅಂಗಡಿಗೆ ಫೋನ್ ಮಾಡಿ ಆಂಟೆನಾ ಎಷ್ಟು ಉಳಿದಿದೆ ಅಂತ ಕೇಳಿದೆ. ಮೂರನೆಯ ತುಂಡು ಇನ್ನೂ ಅರ್ಧ ಗೇಣು ಇದೆಯಂತೆ.